ಮೊರಿಬಿತೊ: ನಡುವಿನ ಕಂತುಗಳನ್ನು ಹಾರಿಸಿ ನೋಡಬೇಡಿ (ವಿಮರ್ಶೆ ಮತ್ತು ಚರ್ಚೆ)

ತುಂಗಾತೀರ

ಒಳ್ಳೆ ಫ್ಯಾಂಟಸಿ ಅನಿಮೆ (ಜಪಾನಿನ ಕಾರ್ಟೂನ್ ಸರಣಿ) ಹೇಳಿ ಅಂತ ಇಲ್ಲಿ ಯಾರು ಕೇಳಿದರೂ ಅದೇ ಐದಾರು ಹೆಸರು ಬರುತ್ತವೆ. ಅವು ಚೆನ್ನಾಗಿಲ್ಲ ಅಂತಲ್ಲ. ಆದರೆ 'ಸೇರೇಯಿ ನೋ ಮೊರಿಬಿತೊ' ಅನ್ನೋ ಹೆಸರನ್ನು ಎತ್ತುವವರೇ ಕಡಿಮೆ. ಎತ್ತಿದವರೂ "ಫೈಟ್ ಸೂಪರ್, ಮಧ್ಯ ಬೋರು" ಅಂತ ಒಂದು ಸಾಲು ಹಾಕಿ ಹೋಗುತ್ತಾರೆ. ಆ ಒಂದು ಸಾಲಿನ ಮೇಲೆ ನನಗೆ ತಕರಾರಿದೆ. ನನ್ನ ಪ್ರಕಾರ ಆ ಮಧ್ಯದ ಭಾಗವೇ ಈ ಸರಣಿ. ಫೈಟು ಅದಕ್ಕೆ ಬಾಗಿಲು ಅಷ್ಟೇ.

ಗೊತ್ತಿಲ್ಲದವರಿಗೆ ಎರಡು ಮಾತು. 2007ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಜಪಾನಿನ ಎನ್‌ಎಚ್‌ಕೆ ಉಪಗ್ರಹ ಚಾನೆಲ್‌ನಲ್ಲಿ ಬಂದದ್ದು. 26 ಕಂತು. ಪ್ರೊಡಕ್ಷನ್ ಐ.ಜಿ. ಸ್ಟುಡಿಯೋ ಮಾಡಿದ್ದು. ನಿರ್ದೇಶಕ ಕೆಂಜಿ ಕಮಿಯಾಮ, 'ಘೋಸ್ಟ್ ಇನ್ ದ ಶೆಲ್: ಸ್ಟ್ಯಾಂಡ್ ಅಲೋನ್ ಕಾಂಪ್ಲೆಕ್ಸ್' ಮಾಡಿದವರು. ಸಂಗೀತ ಕೆಂಜಿ ಕವಾಯಿ. ಮೂಲ ಕಾದಂಬರಿ ನಹೊಕೊ ಉಎಹಾಶಿ ಅವರದು, 1996ರಲ್ಲಿ ಬಂದಿತ್ತು.

ಹೊಸ ಯೋಗೋ ಅನ್ನುವ ಸಾಮ್ರಾಜ್ಯ. ಅಲ್ಲಿನ ಎರಡನೇ ರಾಜಕುಮಾರ ಚಗುಮ್, ಹನ್ನೊಂದು ಹನ್ನೆರಡರ ಹುಡುಗ. ಅವನ ಮೈಯೊಳಗೆ ನೀರಿನ ಭೂತ ಸೇರಿಕೊಂಡಿದೆ, ಹಾಗೇ ಬಿಟ್ಟರೆ ದೇಶಕ್ಕೆ ಬರ ಬರುತ್ತೆ ಅಂತ ಅರಮನೆಯ ಜೋಯಿಸರು ಹೇಳುತ್ತಾರೆ. ದೇಶ ಕಟ್ಟಿದ ಮೊದಲ ಚಕ್ರವರ್ತಿ ಅಂಥದ್ದೇ ಭೂತವನ್ನು ಕೊಂದ ಅನ್ನೋದು ಅವರ ಪುರಾಣ. ಈಗಿನ ಚಕ್ರವರ್ತಿ ಸ್ವಂತ ಮಗನನ್ನು ಗುಟ್ಟಾಗಿ ಕೊಲ್ಲಿಸಲು ಒಪ್ಪಿಬಿಡುತ್ತಾನೆ. ತಾಯಿ ಒಪ್ಪುವುದಿಲ್ಲ. ಅದೇ ಹೊತ್ತಿಗೆ ಬಾಲ್ಸಾ ಅನ್ನುವ ಬಾಡಿಗೆ ಕಾವಲುಗಾರ್ತಿ ಊರಿಗೆ ಬಂದಿರುತ್ತಾಳೆ. ಸೇತುವೆ ಮೇಲಿಂದ ಹೊಳೆಗೆ ಬಿದ್ದ ಚಗುಮ್‌ನನ್ನು ಅವಳು ಉಳಿಸುತ್ತಾಳೆ. ರಾತ್ರಿ ರಾಣಿ ಅವಳನ್ನು ಅರಮನೆಗೆ ಕರೆಸಿ ಮಗನನ್ನು ಅವಳ ಕೈಗೆ ಒಪ್ಪಿಸುತ್ತಾಳೆ. ಒಪ್ಪಿಸುವುದು ಅಂದರೆ ಬೇಡ ಅನ್ನಲು ದಾರಿಯೇ ಇರುವುದಿಲ್ಲ. ಗುಟ್ಟು ಕೇಳಿಸಿಕೊಂಡ ಮೇಲೆ ಹೊರಗೆ ಬಿಡ್ತಾರಾ?

ಬಾಲ್ಸಾಗೆ ವಯಸ್ಸು 30. ಕೈಯಲ್ಲಿ ಒಂದು ಗಿಡ್ಡ ಈಟಿ. ಮಂತ್ರವಿಲ್ಲ, ವರವಿಲ್ಲ, ಹುಟ್ಟಿನಿಂದ ಬಂದ ಶಕ್ತಿಯೂ ಇಲ್ಲ. ಚಿಕ್ಕಂದಿನಲ್ಲಿ ಅವಳನ್ನು ಉಳಿಸಲು ಸಾಕುತಂದೆ ಜಿಗುರೊ ತನ್ನದೇ ಎಂಟು ಸಂಗಾತಿಗಳನ್ನು ಕೊಲ್ಲಬೇಕಾಗಿ ಬಂದಿತ್ತು. ಅದಕ್ಕೆ ಪ್ರತಿಯಾಗಿ ಎಂಟು ಜೀವ ಉಳಿಸುತ್ತೇನೆ ಅಂತ ಇವಳ ಹರಕೆ. ಅದರ ಜೊತೆಗೆ, ಉಳಿಸುವಾಗ ಯಾರನ್ನೂ ಕೊಲ್ಲುವುದಿಲ್ಲ ಅನ್ನೋದೂ ಇದೆ. ಇದನ್ನು ನೆನಪಿಟ್ಟುಕೊಂಡು ಮೂರನೇ ಕಂತು ನೋಡಿ. ರಾತ್ರಿ ಹೊತ್ತು. ಚಕ್ರವರ್ತಿಯ ಬೇಟೆಗಾರರು ನಾಲ್ಕು ಜನ, ಇವಳು ಒಬ್ಬಳು. ಎದುರಿಗಿರುವವರು ಕೊಲ್ಲಲು ಬಂದವರು. ಇವಳು ಕೊಲ್ಲದೆ ತಡೆಯಬೇಕು. ಈಟಿಯ ಮೊನೆಗಿಂತ ಹಿಂದಿನ ತುದಿಗೆ, ಕೋಲಿಗೆ ಜಾಸ್ತಿ ಕೆಲಸ. ಉಸಿರು ಬಿಗಿಹಿಡಿದು ನೋಡುವ ಹಾಗಿದೆ. ಆದರೆ ನನಗೆ ಇಷ್ಟವಾದದ್ದು ಆಮೇಲಿನದು. ಅವಳಿಗೆ ಆಗುವ ಗಾಯ ಮುಂದಿನ ಕಂತಿಗೆ ಮಾಯವಾಗುವುದಿಲ್ಲ. ನಾಟಿವೈದ್ಯ ಟಾಂಡಾ ಬಂದು ನೋಡಬೇಕು, ಅವಳು ಮಲಗಿರಬೇಕು, ಹುಡುಗ ಗಾಬರಿಯಲ್ಲಿ ಪಕ್ಕದಲ್ಲಿ ಕೂತಿರಬೇಕು. ಹೊಡೆದಾಟಕ್ಕೆ ಬೆಲೆ ಕಟ್ಟಬೇಕು ಅನ್ನೋದನ್ನು ಅಲ್ಲಿಂದಲೇ ಹೇಳಿಬಿಡುತ್ತಾರೆ.

ಇನ್ನು ಆ 'ಬೋರು' ಭಾಗ. ಬಾಲ್ಸಾ ಮತ್ತು ಚಗುಮ್ ಸತ್ತರು ಅಂತ ಬೇಟೆಗಾರರು ನಂಬುವ ಹಾಗೆ ಮಾಡಿ, ಇಬ್ಬರೂ ರಾಜಧಾನಿಯ ಕೆಳಗಿನ ಕೇರಿಯ ಹತ್ತಿರವೇ ಒಂದು ನೀರುಗಿರಣಿ ಮನೆಯಲ್ಲಿ ಉಳಿಯುತ್ತಾರೆ. ಅಲ್ಲಿಂದ ಎಷ್ಟೋ ಕಂತು ದೊಡ್ಡ ಹೊಡೆದಾಟವೇ ಇಲ್ಲ. ಅರಮನೆ ಬಿಟ್ಟು ಕಾಲು ಹೊರಗಿಡದ ಹುಡುಗ ಊರಿನ ಮಕ್ಕಳ ಜೊತೆ ಬೆರೆಯಲು ಕಲಿಯುತ್ತಾನೆ. ಮಾತು ಬದಲಾಗುತ್ತದೆ, ನಡಿಗೆ ಬದಲಾಗುತ್ತದೆ. ಬಾಲ್ಸಾ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿರುತ್ತಾಳೆ, ಆದರೆ ಹುಡುಗನಿಗೆ ಅದು ಕಾಣದ ಹಾಗೆ. ಒಂದು ಮಗುವನ್ನು ಉಳಿಸುವುದು ಅಂದರೆ ಒಂದು ರಾತ್ರಿ ಈಟಿ ಬೀಸುವುದಲ್ಲ. ಮರುದಿನ ಊಟ ಹಾಕಬೇಕು, ಅದರ ಮರುದಿನವೂ ಹಾಕಬೇಕು. ಈ ಮಾತನ್ನು ಇಷ್ಟು ಸಮಯ ತೆಗೆದುಕೊಂಡು ಹೇಳಿದ ಬೇರೆ ಫ್ಯಾಂಟಸಿ ಅನಿಮೆ ನಾನು ನೋಡಿಲ್ಲ.

ಎಂಟನೇ ಕಂತಿನ ಬಗ್ಗೆ ಬರೆಯದೆ ಬಿಡಲಾರೆ. (ಸಣ್ಣ ಸ್ಪಾಯ್ಲರ್.) ಬಾಲ್ಸಾಳ ಈಟಿ ಹಾಳಾಗಿದೆ. ಕತ್ತಿ ಮಾಡುವ ಕಮ್ಮಾರನ ಹತ್ತಿರ ಬರುತ್ತಾಳೆ. ಅದೇ ಹೊತ್ತಿಗೆ ಅವಳನ್ನು ಬೇಟೆಯಾಡಿದವರಲ್ಲಿ ಇಬ್ಬರು ತಮ್ಮ ಕತ್ತಿಯ ಕೆಲಸಕ್ಕೆ ಬಂದು ಪಕ್ಕದ ಕೋಣೆಯಲ್ಲಿ ಕೂತಿದ್ದಾರೆ. ಹೊರಗೆ ಬರಬಾರದು ಅಂತ ಕಮ್ಮಾರ ಅವರಿಂದ ಮಾತು ತೆಗೆದುಕೊಂಡಿದ್ದಾನೆ. ಬಾಲ್ಸಾಗೆ ಇದು ಗೊತ್ತಿಲ್ಲ. ಈ ಆಯುಧ ನಿನಗೆ ಯಾಕೆ ಬೇಕು ಅಂತ ಕಮ್ಮಾರ ಕೇಳುತ್ತಾ ಹೋಗುತ್ತಾನೆ, ಅವಳು ತನ್ನ ಎಂಟು ಜೀವದ ಕತೆ ಹೇಳುತ್ತಾ ಹೋಗುತ್ತಾಳೆ. ಹೆಚ್ಚು ಕಡಿಮೆ ಇಡೀ ಕಂತು ಮಾತು. ಒಂದು ಏಟೂ ಇಲ್ಲ. ನಡುವೆ ಇರುವುದು ಒಂದು ತೆಳು ಬಾಗಿಲು. ಆ ಇಬ್ಬರು ಈಗ ಎದ್ದರೆ ಗತಿ ಏನು ಅಂತ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮೂರನೇ ಕಂತಿಗಿಂತ ಇದೇ ಮೇಲು ಅಂತ ನಾನು ಹೇಳಿದರೆ ಇಲ್ಲಿ ಜಗಳ ಆಗುತ್ತೆ, ಆಗಲಿ.

ಕೊರತೆ ಇಲ್ವಾ? ಇದೆ. ಹದಿನೈದನೇ ಕಂತಿನ ಆಚೆ ಈಚೆ ಕತೆ ನಿಜಕ್ಕೂ ಎಳೆಯುತ್ತದೆ. ಒಂದೇ ಕಾದಂಬರಿಯನ್ನು 26 ಕಂತಿಗೆ ಹಿಗ್ಗಿಸಿದ್ದು ಅಲ್ಲಲ್ಲಿ ಗೊತ್ತಾಗುತ್ತದೆ. ರರುಂಗಾ ಅನ್ನೋ ದೈತ್ಯ ಜೀವಿಯ ಜೊತೆಗಿನ ಕೊನೆಯ ಕಾಳಗ ಅಷ್ಟು ಕಾದಿದ್ದಕ್ಕೆ ತಕ್ಕಷ್ಟು ದೊಡ್ಡದಲ್ಲ. ಆದರೂ ಹತ್ತಕ್ಕೆ ಒಂಬತ್ತು.

ರಾತ್ರಿಪಾಳಿ

ಗುರು, ಚೆನ್ನಾಗಿ ಬರೆದಿದ್ದೀರಿ, ಆದರೆ ನಾನು ಆ 'ಬೋರು' ಪಾರ್ಟಿ. ಆರನೇ ಕಂತಿನವರೆಗೆ ಒಂದೇ ಉಸಿರಿಗೆ ನೋಡಿದೆ. ಆಮೇಲೆ ಗಿರಣಿ ಮನೆ, ಮಾರ್ಕೆಟ್ಟು, ಮಕ್ಕಳ ಕುಸ್ತಿ. ಮತ್ತೆ ಆ ಜೋಯಿಸರ ಅರಮನೆ. ಶುಗಾ ಅನ್ನೋನು ಕತ್ತಲಲ್ಲಿ ಕೂತು ಕಲ್ಲುಹಲಗೆ ಓದೋದು, ಇನ್ನೂ ಒಂದು ಹಲಗೆ ಓದೋದು. ನಿಮಗೆ ಅದು ಬದುಕು ಅನ್ನಿಸಿರಬಹುದು. ಕೆಲಸ ಮುಗಿಸಿ ಬೆಳಗಿನ ಜಾವ ನೋಡುವ ನನಗೆ ನಿದ್ದೆ ಅನ್ನಿಸಿತು.

ಇನ್ನೊಂದು. ಎಲ್ಲರೂ ಒಳ್ಳೆಯವರೇ. ಬೇಟೆಗಾರರು ಒಳ್ಳೆಯವರು, ಶುಗಾ ಒಳ್ಳೆಯವನು, ಚಕ್ರವರ್ತಿಗೂ ಒಳಗೊಳಗೆ ಸಂಕಟ. ವಿಲನ್ನೇ ಇಲ್ಲದ ಮೇಲೆ ಯಾರ ಮೇಲೆ ಸಿಟ್ಟು ಮಾಡ್ಕೊಳ್ಳೋದು?

ತುಂಗಾತೀರ

ಶುಗಾನ ಕಲ್ಲುಹಲಗೆ ಭಾಗ ಜಾಸ್ತಿ ಆಯ್ತು ಅನ್ನೋದನ್ನು ಒಪ್ಪುತ್ತೇನೆ. ಅದನ್ನು ಅರ್ಧಕ್ಕೆ ಇಳಿಸಬಹುದಿತ್ತು.

ವಿಲನ್ ವಿಷಯ ಮಾತ್ರ ಒಪ್ಪಲ್ಲ. ಅಲ್ಲಿ ಪ್ರತಿಯೊಬ್ಬನೂ ತನ್ನ ಕೆಲಸ ಸರಿಯಾಗಿ ಮಾಡುತ್ತಿದ್ದಾನೆ. ಜೋಯಿಸರು ಗ್ರಂಥದಲ್ಲಿ ಇದ್ದದ್ದನ್ನು ಹೇಳುತ್ತಾರೆ. ಚಕ್ರವರ್ತಿ ದೇಶಕ್ಕಾಗಿ ಮಗನನ್ನು ಬಿಡುತ್ತಾನೆ. ಬೇಟೆಗಾರರು ಆಜ್ಞೆ ಪಾಲಿಸುತ್ತಾರೆ. ಎಲ್ಲ ಸೇರಿ ಒಂದು ಮಗುವನ್ನು ಸಾಯಿಸಲು ಹೊರಟಿದ್ದಾರೆ. ಸಿಟ್ಟು ಬರಲು ಇದಕ್ಕಿಂತ ಬೇರೆ ಏನು ಬೇಕು? ಮೀಸೆ ತಿರುವುವ ಒಬ್ಬ ಕೆಟ್ಟವನನ್ನು ಇಟ್ಟಿದ್ದರೆ ಅವನನ್ನು ಕೊಂದು ಕತೆ ಮುಗಿಸಬಹುದಿತ್ತು, ಅಷ್ಟೇ.

ಹುಬ್ಬಳ್ಳಿ ಮಂದಿ

ಭಾಳ ದಿನದ ಮೇಲೆ ಈ ಹೆಸರು ಕೇಳಿ ಖುಷಿ ಆಯ್ತು. ಯಾಕೆ ಜನಕ್ಕೆ ತಲುಪಲಿಲ್ಲ ಅನ್ನೋದಕ್ಕೆ ಕತೆಗಿಂತ ಹಣೆಬರಹ ಕಾರಣ ಅಂತ ನನಗೆ ಅನ್ನಿಸುತ್ತೆ. ಆ ವರ್ಷ ಅದೇ ಏಪ್ರಿಲ್‌ನಲ್ಲಿ 'ಗುರ್ರೆನ್ ಲಗಾನ್' ಶುರುವಾಯ್ತು, 'ಕ್ಲೇಮೋರ್' ಶುರುವಾಯ್ತು, 'ಡಾರ್ಕರ್ ದ್ಯಾನ್ ಬ್ಲ್ಯಾಕ್' ಶುರುವಾಯ್ತು. 'ಡೆತ್ ನೋಟ್' ಇನ್ನೂ ಓಡ್ತಾ ಇತ್ತು. ಆ ಗದ್ದಲದಲ್ಲಿ ಮೂವತ್ತು ವರ್ಷದ ಹೆಂಗಸು, ಒಬ್ಬ ಹುಡುಗ, ಒಂದು ಗಿರಣಿ ಮನೆ. ಯಾರು ತಿರುಗಿ ನೋಡ್ತಾರೆ?

ಜಪಾನಿನ ಹೊರಗೆ ಇನ್ನೂ ಪಜೀತಿ. ಅಮೆರಿಕದಲ್ಲಿ ಹಕ್ಕು ತಗೊಂಡಿದ್ದ ಜಿನಿಯಾನ್ ಕಂಪನಿ 2007ರಲ್ಲೇ ಅಲ್ಲಿನ ವ್ಯಾಪಾರ ಮುಚ್ಚಿತು. ಆಮೇಲೆ ಮೀಡಿಯಾ ಬ್ಲಾಸ್ಟರ್ಸ್ ಅನ್ನೋ ಇನ್ನೊಂದು ಕಂಪನಿ ಕೈಗೆ ಹೋಯ್ತು. ಅಲ್ಲಿನ ಟಿವಿಯ ಅಡಲ್ಟ್ ಸ್ವಿಮ್‌ನಲ್ಲಿ 2008ರ ಆಗಸ್ಟ್‌ನಲ್ಲಿ ಹಾಕಿದರು, ಕತೆ ನಡುವೆ ಇರುವಾಗಲೇ ತೆಗೆದರು, 2009ರಲ್ಲಿ ಮತ್ತೆ ಹಾಕಿದರು. ನಿಧಾನವಾಗಿ ಏರುವ ಕತೆಯನ್ನು ಹೀಗೆ ತುಂಡು ಮಾಡಿದರೆ ಮೊದಲ ಫೈಟ್ ಬಿಟ್ಟು ಬೇರೇನೂ ಜನರ ನೆನಪಿನಲ್ಲಿ ಉಳಿಯೋದಿಲ್ಲ. ನಮ್ಮ ಕಡೆಗೆ ಆ ಕಾಲದಲ್ಲಿ ಅನಿಮೆ ಅಂದರೆ ಅನಿಮ್ಯಾಕ್ಸ್ ಚಾನೆಲ್ಲು ಅಥವಾ ಗೆಳೆಯನ ಪೆನ್‌ಡ್ರೈವು. ಪೆನ್‌ಡ್ರೈವ್‌ನಲ್ಲಿ ಜಾಗ ಸಿಗ್ತಿದ್ದದ್ದು ಹೆಸರು ಮಾಡಿದವಕ್ಕೆ ಮಾತ್ರ.

ಚಹಾಪ್ರಿಯೆ

ನನ್ನ ಮಗಳ ಜೊತೆ ನೋಡಿದೆ, ಅವಳಿಗೆ ಹತ್ತು ವರ್ಷ. ಮಕ್ಕಳಿಗೆ ಆಗುತ್ತಾ ಅಂತ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ: ರಕ್ತ ಇದೆ, ಸಾವಿನ ಮಾತು ಇದೆ, ಆದರೆ ಕಣ್ಣು ಮುಚ್ಚಿಸಬೇಕಾದ್ದು ಏನೂ ಇಲ್ಲ. ಮೂಲ ಪುಸ್ತಕ ಮಕ್ಕಳಿಗೆ ಬರೆದದ್ದೇ ಅಲ್ವಾ. ಕಷ್ಟ ಆದದ್ದು ಸಬ್‌ಟೈಟಲ್. ಹಿಂದಿ, ತಮಿಳು, ತೆಲುಗಿನಲ್ಲಿ ಈಗ ಎಷ್ಟೋ ಅನಿಮೆ ಡಬ್ ಆಗಿ ಬರುತ್ತವೆ. ನಮ್ಮ ಮನೆಯಲ್ಲಿ ನಾನೇ ಡಬ್ಬಿಂಗ್ ಕಲಾವಿದೆ, ಓದಿ ಓದಿ ಗಂಟಲು ಒಣಗಿತು.

ಮಗಳಿಗೆ ಹೊಡೆದಾಟಕ್ಕಿಂತ ತೋಯಾ ಮತ್ತು ಸಾಯಾ ಇಷ್ಟವಾದರು. ಕೆಳಕೇರಿಯಲ್ಲಿ ಸಣ್ಣಪುಟ್ಟ ಕೆಲಸ ಮಾಡಿಕೊಂಡು ಬದುಕುವ ಅನಾಥ ಮಕ್ಕಳು. ಚಗುಮ್‌ಗೆ ಊರು ತೋರಿಸಿಕೊಟ್ಟದ್ದು ಅವರೇ.

ನನಗೆ ಹಿಡಿಸಿದ್ದು ಟಾಂಡಾ. ಹೆಂಗಸು ಈಟಿ ಹಿಡಿದು ಊರೂರು ತಿರುಗುತ್ತಾಳೆ. ಗಂಡಸು ಬೆಟ್ಟದ ಗುಡಿಸಲಲ್ಲಿ ಔಷಧಿ ಅರೆದುಕೊಂಡು, ಒಲೆ ಮೇಲೆ ಪಾತ್ರೆ ಇಟ್ಟುಕೊಂಡು, ಅವಳು ಈ ಸಲ ಎಲ್ಲಿ ಗಾಯ ಮಾಡಿಕೊಂಡು ಬರುತ್ತಾಳೋ ಅಂತ ಕಾಯುತ್ತಾನೆ. ಅದನ್ನು ತಮಾಷೆಗೆ ಬಳಸಿಕೊಳ್ಳುವುದೂ ಇಲ್ಲ, ದೊಡ್ಡ ತ್ಯಾಗ ಅಂತ ಹೊಗಳುವುದೂ ಇಲ್ಲ. ಹಾಗಂತ ಅವನಿಗೆ ಬೇಸರ ಇಲ್ಲವೇ? ಇದೆ. ಒಂದೆರಡು ಕಡೆ ಮುಖದಲ್ಲಿ ಬಂದು ಹೋಗುತ್ತೆ. ನೋಡುವ ನನಗೇ ಬಾಲ್ಸಾ ಮೇಲೆ ಸಿಟ್ಟು ಬಂತು, ಮನಸ್ಸಿನಲ್ಲಿರೋದನ್ನು ಹೇಳಿಬಿಡೇ ಮಾರಾಯ್ತಿ ಅಂತ.

ಅಂದ ಹಾಗೆ ಈ ಲೇಖಕಿಯ ಕತೆಗಳಲ್ಲಿ ಬರುವ ತಿಂಡಿಗಳನ್ನು ನಿಜವಾಗಿ ಮಾಡಿ ತೋರಿಸುವ ಅಡುಗೆ ಪುಸ್ತಕವೇ ಜಪಾನಿನಲ್ಲಿ ಬಂದಿದೆ. ಹೆಸರಿನಲ್ಲೇ ಬಾಲ್ಸಾ ಇದ್ದಾಳೆ.

ಅರೆಮಲೆನಾಡು

ಎಲ್ಲರೂ ಬಾಲ್ಸಾ, ಫೈಟು, ಗಿರಣಿ ಮನೆ ಅಂತಿದ್ದೀರಿ. ರಾತ್ರಿಪಾಳಿಯವರಿಗೆ ನಿದ್ದೆ ಬರಿಸಿದ ಕಲ್ಲುಹಲಗೆಯ ಪರ ನಾನು ವಕಾಲತ್ತು ಹಾಕುತ್ತೇನೆ. ಇಲ್ಲಿಂದ ಮುಂದೆ ಪೂರ್ತಿ ಸ್ಪಾಯ್ಲರ್.

ಯೋಗೋ ಜನ ಆ ನೆಲದವರಲ್ಲ. ಕಡಲು ದಾಟಿ ಬಂದು ರಾಜ್ಯ ಕಟ್ಟಿದವರು. ಮೊದಲಿಂದ ಇದ್ದವರು ಯಾಕೂ ಜನ. ಅವರ ಲೆಕ್ಕದಲ್ಲಿ ಲೋಕ ಎರಡು: ನಾವು ಕಾಣುವ ಸಗು, ಕಣ್ಣಿಗೆ ಕಾಣದ ನಯುಗು. ಎರಡೂ ಒಂದರ ಮೇಲೊಂದು ಇವೆ. ನಯುಗಿನ ಒಂದು ಜೀವಿ ನೂರು ವರ್ಷಕ್ಕೊಮ್ಮೆ ಮೊಟ್ಟೆ ಇಡುತ್ತದೆ. ಆ ಮೊಟ್ಟೆ ಒಂದು ಮಗುವಿನ ಮೈಯಲ್ಲಿ ಬೆಳೆಯುತ್ತದೆ. ಅದು ಸರಿಯಾಗಿ ಒಡೆದು ಹೊರಗೆ ಬಂದರೆ ಮೋಡ, ಮಳೆ. ಅಂದರೆ ಚಗುಮ್ ಒಳಗಿರುವುದು ಬರ ತರುವ ಭೂತವಲ್ಲ. ಅದನ್ನು ಕೊಂದರೇ ಬರ. ಅರಮನೆಯವರ ಪುರಾಣ ಇಡೀ ವಿಷಯವನ್ನು ತಲೆಕೆಳಗು ಮಾಡಿ ಇಟ್ಟಿದೆ, ಮೊದಲ ಚಕ್ರವರ್ತಿಯನ್ನು ವೀರ ಮಾಡಲು.

ಹಾಗಾದರೆ ಯಾಕೂ ಜನರನ್ನು ಕೇಳಿದರಾಯ್ತು ಅಲ್ವಾ? ಅಲ್ಲೇ ಇರುವುದು ಕತೆಯ ಪೆಟ್ಟು. ಅವರಿಗೂ ಮರೆತುಹೋಗಿದೆ. ಯೋಗೋ ಜನರ ಜೊತೆ ಬೆರೆತು, ಅವರ ಮಾತು ಆಡಿ, ಅವರ ಹಬ್ಬ ಮಾಡಿ, ಉಳಿದಿರುವುದು ಹಾಡಿನ ಚೂರು, ಹಬ್ಬದ ಒಂದು ಆಚರಣೆ, ಒಂದು ಹಳ್ಳಿಯಲ್ಲಿ ಅಜ್ಜಿಯಿಂದ ಕೇಳಿದ್ದನ್ನು ನೆನಪಿಟ್ಟುಕೊಂಡ ಒಬ್ಬ ಹುಡುಗಿ. ಆ ಕಡೆ ಮಂತ್ರವಾದಿ ಮುದುಕಿ ತೊರೊಗೈ ಈ ಚೂರುಗಳನ್ನು ಹುಡುಕುತ್ತಿದ್ದಾಳೆ. ಈ ಕಡೆ ಶುಗಾ ಯೋಗೋ ಜನರ ಹಳೇ ಲಿಪಿಯ ಕಲ್ಲುಹಲಗೆ ಓದಿ, ತನ್ನವರೇ ಮುಚ್ಚಿಟ್ಟ ಸತ್ಯವನ್ನು ಒಂದೊಂದೇ ಸಾಲಾಗಿ ಹೊರತೆಗೆಯುತ್ತಿದ್ದಾನೆ. ಬರೆದಿಟ್ಟವರ ಹತ್ತಿರ ಅರ್ಧ, ಬಾಯಲ್ಲಿ ಉಳಿಸಿಕೊಂಡವರ ಹತ್ತಿರ ಅರ್ಧ. ಎರಡೂ ಸೇರದಿದ್ದರೆ ಹುಡುಗ ಸಾಯುತ್ತಾನೆ. ಹಲಗೆ ಓದುವ ದೃಶ್ಯಗಳಿಗೆ ನಿಜವಾದ ಓಟ ಇರುವುದು ಇದರಿಂದ.

ಇದು ಸುಮ್ನೆ ಹೊಳೆದ ಕತೆಯಲ್ಲ. ಉಎಹಾಶಿ ಸಂಸ್ಕೃತಿ ಮಾನವಶಾಸ್ತ್ರ ಓದಿದವರು, ಆಸ್ಟ್ರೇಲಿಯಾದ ಮೂಲನಿವಾಸಿಗಳ ನಡುವೆ ಕ್ಷೇತ್ರಕಾರ್ಯ ಮಾಡಿದವರು. ನೆಲದವರ ಮಾತು ಹೇಗೆ ಸವೆಯುತ್ತದೆ, ಬಂದವರ ಪುರಾಣ ಹೇಗೆ ಪಠ್ಯಪುಸ್ತಕ ಆಗುತ್ತದೆ ಅನ್ನೋದನ್ನು ಹತ್ತಿರದಿಂದ ಕಂಡವರ ಬರವಣಿಗೆ ಇದು. 2014ರಲ್ಲಿ ಅವರಿಗೆ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಬಂತು. ಮಕ್ಕಳ ಸಾಹಿತ್ಯದಲ್ಲಿ ಅದಕ್ಕಿಂತ ದೊಡ್ಡದು ಇಲ್ಲ.

ಇನ್ನೊಂದು ಮಾತು. ನೀರಿಗಾಗಿ ಮನೆಯ ಮಗುವನ್ನೇ ಕೊಡುವ ಕತೆ ನಮಗೆ ಹೊಸದಲ್ಲ. ಕೆರೆಗೆ ಹಾರವಾದ ಭಾಗೀರಥಿ ಇದ್ದಾಳಲ್ಲ. ಕೆರೆಯಲ್ಲಿ ನೀರು ಬರಲಿಲ್ಲ, ಹೊತ್ತಿಗೆ ತೆಗೆದು ಕೇಳಿದರು, ಕಿರಿಸೊಸೆಯನ್ನು ಕೊಡಿ ಅಂತ ಬಂತು, ಮನೆಯವರು ಒಪ್ಪಿದರು. ಮೊದಲನೇ ಕಂತು ನೋಡುವಾಗ ನನಗೆ ಅದೇ ತಲೆಯಲ್ಲಿ ಓಡುತ್ತಿತ್ತು. ಇಲ್ಲೂ ಹೊತ್ತಿಗೆ ನೋಡುವವರೇ ಹೇಳಿದ್ದು.

ರಾತ್ರಿಪಾಳಿ

ಹೋಲಿಕೆ ಚೆನ್ನಾಗಿದೆ, ಆದರೆ ಪೂರ್ತಿ ಕೂರಲ್ಲ ಸರ್. ಭಾಗೀರಥಿಗೆ ಗೊತ್ತಾಗಿರುತ್ತೆ. ತವರಿಗೆ ಹೋಗಿ ಬರ್ತಾಳೆ, ಅಪ್ಪ ಅಮ್ಮನ ಹತ್ತಿರ ಬಾಯಿ ಬಿಟ್ಟು ಹೇಳಿಕೊಳ್ಳಲಾರದೆ ತಾನೇ ನಡೆದು ಹೋಗ್ತಾಳೆ. ಚಗುಮ್‌ಗೆ ತನ್ನೊಳಗೆ ಏನಿದೆ ಅಂತಲೇ ಗೊತ್ತಿಲ್ಲ. ಗೊತ್ತಾದ ಮೇಲೆ ಅವನು ಕೂಗಾಡ್ತಾನೆ, ನನಗೇ ಯಾಕೆ ಅಂತ.

ಅರೆಮಲೆನಾಡು

ಅದನ್ನೇ ನಾನೂ ಹೇಳಲು ಹೊರಟಿದ್ದು. ಭಾಗೀರಥಿಗೆ ಕೂಗಾಡಲು ಒಂದು ಜಾಗ ಸಿಗಲಿಲ್ಲ. ತವರಲ್ಲೂ ಸಿಗಲಿಲ್ಲ. ಗಂಡ ಬಂದದ್ದು ಎಲ್ಲ ಮುಗಿದ ಮೇಲೆ. ಚಗುಮ್‌ಗೆ ಆ ಜಾಗ ಸಿಗುತ್ತದೆ. 20, 21ನೇ ಕಂತಿನ ಸುಮಾರಿಗೆ, ಚಳಿಗಾಲ ಕಳೆಯಲು ಗುಹೆಗೆ ಹೋದಾಗಿನ ಭಾಗ ನೋಡಿ. ಹಿಮ ಬಿದ್ದಿದೆ, ಎಲ್ಲೂ ಹೋಗುವಂತಿಲ್ಲ. ಅಲ್ಲಿ ಬಾಲ್ಸಾ ತನ್ನ ಮತ್ತು ಜಿಗುರೊ ಕತೆ ಹೇಳುತ್ತಾಳೆ. ಅವಳೂ ಒಂದು ಕಾಲಕ್ಕೆ ಇದೇ ಥರ ಬೇರೆಯವರ ಹೆಗಲ ಮೇಲೆ ಬಿದ್ದ ಮಗು. ತನ್ನಿಂದ ಎಂಟು ಜನ ಸತ್ತರು ಅಂತ ಬೆಳೆದವಳು. ಹುಡುಗನ ಸಿಟ್ಟು ಅವಳಿಗೆ ಹೊಸದಲ್ಲ, ಅದಕ್ಕೇ ಅವಳು ಸಮಾಧಾನದ ಮಾತು ಹೇಳಲು ಹೋಗುವುದಿಲ್ಲ.

ತುಂಗಾತೀರ

ಆ ಗುಹೆ ಭಾಗದಿಂದಲೇ ನನಗೆ ಬಾಲ್ಸಾಳ ಲೆಕ್ಕದ ಮೇಲೆ ಅನುಮಾನ ಬಂತು. ಎಂಟು ಸತ್ತರು, ಎಂಟು ಉಳಿಸಬೇಕು. ಜೀವ ಅಂದರೆ ಅಂಗಡಿ ಉದ್ರಿಯಾ, ಅಷ್ಟು ಕೊಟ್ಟರೆ ತೀರಲು? ಸರಣಿ ಕೂಡ ಇದನ್ನು ಕೇಳುತ್ತದೆ. ಜಿಗುರೊಗೆ ಆ ವರ್ಷಗಳು ಬರೀ ಹೊರೆಯಾಗಿದ್ದವಾ ಅನ್ನೋ ಪ್ರಶ್ನೆಗೆ ಅವಳಿಗೆ ಉತ್ತರ ಸಿಗುವುದು ತಾನು ಚಗುಮ್‌ನನ್ನು ಸಾಕಿದ ಮೇಲೆ. ಸಾಕುವಾಗ ತನಗೂ ಖುಷಿ ಇತ್ತು ಅಂತ ಗೊತ್ತಾದ ಮೇಲೆ. ಗಿರಣಿ ಮನೆಯ ಕಂತುಗಳನ್ನು ಹಾರಿಸಿ ಬಂದವರಿಗೆ ಇದು ಹೇಗೆ ತಟ್ಟುತ್ತೆ ಹೇಳಿ? ಆ ಖುಷಿಯನ್ನು ಅವರು ನೋಡೇ ಇಲ್ಲ.

ಹೊಸಬ 2024

ಎಲ್ಲ ಓದಿದೆ, ಸ್ಪಾಯ್ಲರ್ ಕೂಡ ಓದಿಬಿಟ್ಟೆ, ಪರವಾಗಿಲ್ಲ. ಎರಡನೇ ಸೀಸನ್ ಇದೆಯಾ? ಇಷ್ಟವಾದರೆ ಮುಂದೆ ಏನು ನೋಡಬೇಕು?

ಹುಬ್ಬಳ್ಳಿ ಮಂದಿ

ಅನಿಮೆ ಎರಡನೇ ಸೀಸನ್ ಇಲ್ಲ. ಪುಸ್ತಕಗಳು ಮಾತ್ರ ಮುಂದೆ ಭಾಳ ದೂರ ಹೋಗ್ತವೆ, ಚಗುಮ್ ದೊಡ್ಡವನಾಗ್ತಾನೆ, ಯುದ್ಧ ಬರುತ್ತೆ. ಇಂಗ್ಲಿಷ್‌ಗೆ ಕ್ಯಾಥಿ ಹಿರಾನೊ ಅನುವಾದದಲ್ಲಿ ಮೊದಲ ಎರಡು ಬಂದವು, 2008 ಮತ್ತು 2009ರಲ್ಲಿ. ಎರಡನೇ ಪುಸ್ತಕದಲ್ಲಿ ಬಾಲ್ಸಾ ತನ್ನ ಹುಟ್ಟೂರು ಕನ್ಬಾಲ್‌ಗೆ ವಾಪಸ್ ಹೋಗ್ತಾಳೆ. ಎನ್‌ಎಚ್‌ಕೆಯವರು 2016ರಿಂದ 2018ರವರೆಗೆ ನಟರನ್ನು ಇಟ್ಟು ಸರಣಿಯನ್ನೂ ಮಾಡಿದರು, ಹರುಕ ಅಯಾಸೆ ಬಾಲ್ಸಾ ಆಗಿದ್ದರು. ಕೊನೆಯವರೆಗಿನ ಕತೆ ಬೇಕಾದರೆ ಅದನ್ನು ಹುಡುಕಿ. ನನಗೆ ಅನಿಮೆಯ ಬಾಲ್ಸಾನೇ ಬಾಲ್ಸಾ. ಮಬುಕಿ ಆಂಡೊ ಕೊಟ್ಟ ಆ ಗಡಸು ದನಿ ಬೇರೆ ಯಾರಿಗೂ ಬರಲ್ಲ.

ಚಹಾಪ್ರಿಯೆ

ಅದೇ ಲೇಖಕಿಯ 'ಎರಿನ್' ನೋಡಿ. 2009ರದ್ದು, 50 ಕಂತು, ಅದೂ ಪ್ರೊಡಕ್ಷನ್ ಐ.ಜಿ. ಚಿತ್ರ ಇನ್ನೂ ಮಕ್ಕಳ ಪುಸ್ತಕದ ಥರ ಇದೆ ಅಂತ ಮೋಸ ಹೋಗಬೇಡಿ, ಮೊದಲ ಕೆಲವು ಕಂತುಗಳಲ್ಲೇ ಕಣ್ಣೀರು ಹಾಕಿಸುತ್ತೆ. ಅದನ್ನು ಮಗಳಿಗಿಂತ ಮೊದಲು ನಾನು ಒಬ್ಬಳೇ ನೋಡಿದ್ದು ಒಳ್ಳೆಯದೇ ಆಯ್ತು.

ರಾತ್ರಿಪಾಳಿ

ಸರಿ, ಏಳನೇ ಕಂತಿನಿಂದ ಮತ್ತೆ ಶುರು ಮಾಡ್ತೀನಿ. ಒಂದು ಷರತ್ತು: ಆ ಓಪನಿಂಗ್ ಹಾಡನ್ನು ಹಾರಿಸಲು ಅನುಮತಿ ಕೊಡಬೇಕು. ಕತೆ ಹಳೇ ಕಾಲದ್ದು, ಹಾಡು ಪೂರ್ತಿ ರಾಕ್ ಬ್ಯಾಂಡು. ಒಂದಕ್ಕೊಂದು ಸಂಬಂಧವೇ ಇಲ್ಲ.

ಹುಬ್ಬಳ್ಳಿ ಮಂದಿ

ಲಾರ್ಕ್ ಆನ್ ಸಿಯೆಲ್ ಬ್ಯಾಂಡಿನ ಹಾಡನ್ನು ಹಾರಿಸ್ತೀರಾ? ಕಲ್ಲುಹಲಗೆ ಹಾರಿಸಿ, ಬೇಕಾದರೆ ರರುಂಗಾನೂ ಹಾರಿಸಿ, ನಾನು ಕೇಳಲ್ಲ. ಆ ಹಾಡು ಮುಟ್ಟಿದರೆ ಮಾತ್ರ ನೋಡಿ.

ಅರೆಮಲೆನಾಡು

ಕಲ್ಲುಹಲಗೆ ಯಾಕೆ ಹಾರಿಸಬೇಕು ಸ್ವಾಮಿ? ಮೇಲೆ ಅಷ್ಟುದ್ದ ಬರೆದದ್ದು ಯಾರಿಗೆ?